ಹದಿನೇಳನೆಯ ಕಾಲಂ

ಅರ್ಜಿಯಲ್ಲಿ ಅದಕ್ಕೆ ಕೊಟ್ಟ ಜಾಗ ಒಂದೂವರೆ ಇಂಚು.
‘ಯೋಜನೆಯಿಂದ ಸಾಂಕ್ರಾಮಿಕ ರೋಗ ಹರಡುವ ಸಂಭವ’,
ಮುಂದೆ ಎರಡು ಚುಕ್ಕೆ, ಒಂದು ಗೆರೆ.
ಹದಿನಾರನೆಯದು ಪಾರ್ಕಿಂಗ್, ಅದಕ್ಕೆ ನಾಲ್ಕು ಪುಟ ಉಂಟು.
ಹಳೆಯ ಕಡತಗಳಲ್ಲೆಲ್ಲ ಒಂದೇ ಉತ್ತರ,
ಅದೇ ಅಕ್ಷರದೋಷದ ಸಮೇತ:
‘ಸಂಬವವಿಲ್ಲ.’

ನನ್ನದು ಸೌಟಿನ ಕೆಲಸ.
ಬಿಳಿ ಸೌಟು, ಉದ್ದ ಹಿಡಿ, ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು.
ಮದುವೆಮನೆಯಲ್ಲಿ ಸಾರು ಬಡಿಸುವವರ ಹಾಗೆ
ಬಗ್ಗಿ ಮುಳುಗಿಸಿ, ತುಳುಕದಂತೆ ಎತ್ತಿ,
ಉಸಿರು ಹಿಡಿದು ಎಣಿಸುವುದು.
ತಲೆಕೆಳಗಾಗಿ ನೇತಾಡುವ ಮರಿ ಬೇರೆ ಜಾತಿ.
ನೀರಿನ ಮೈಗೆ ಮೈಯಾನಿಸಿ
ಚಾಪೆಯಲ್ಲಿ ಅಡ್ಡಾದವರ ಹಾಗೆ ಮಲಗಿದ್ದರೆ
ನಾನು ಪುಸ್ತಕ ತೆಗೆಯಬೇಕು.

ಕೊಟ್ಟಾರದ ಆ ಜಾಗ ನನಗೆ ಗೊತ್ತು.
ಏಣೆಲು, ಸುಗ್ಗಿ, ಎರಡು ಬೆಳೆಯ ಗದ್ದೆ.
ಲಾರಿ ಲಾರಿ ಕೆಂಪುಮಣ್ಣು ಸುರಿದ ವರ್ಷ
ಗದ್ದೆ ಸತ್ತಿತು ಅಂದುಕೊಂಡಿದ್ದೆ.
ಮೊನ್ನೆ ಮೆಟ್ಟಿಲು ಹತ್ತಿ ಒಂಬತ್ತನೆಯ ಮಾಳಿಗೆಗೆ ಹೋದರೆ
ಅಲ್ಲಿ ಉಂಟು ಗದ್ದೆ!
ಸ್ಲಾಬಿನ ಮೇಲೆ ಸಪೂರ ಬದು ಕಟ್ಟಿ,
ಚೌಕ ಚೌಕವಾಗಿ ನೀರು ನಿಲ್ಲಿಸಿ,
ಒಂದೊಂದು ಚೌಕಕ್ಕೆ ಒಂದೊಂದು ತುಂಡು ಆಕಾಶ,
ಆಚೆಗೆ ಫಲ್ಗುಣಿ ಕಡಲು ಸೇರುವಲ್ಲಿಯ ಬೆಳಕು.
ಸುಳ್ಳು ಯಾಕೆ, ಒಂದು ಗಳಿಗೆ ಚಂದ ಕಂಡಿತು.
ಸೌಟು ಮುಳುಗಿಸಿದೆ.
ಹದಿಮೂರು.

ಇಂಜಿನಿಯರ್ ಸುಹಾನ್ ಆಳ್ವ ಒಳ್ಳೆಯ ಹುಡುಗ.
“ಕಾಂಕ್ರೀಟಿಗೆ ಹದಿನಾಲ್ಕು ದಿನ ನೀರು ಬೇಕೇ ಬೇಕು ಬಾಯಿ,
ಇಲ್ಲದಿದ್ದರೆ ಬಿರುಕು.”
ಸೊಳ್ಳೆಗೆ ಒಂಬತ್ತು ಸಾಕು, ಎಂದೆ.
“ಮತ್ತೆ ಎಂತ ಮಾಡುವುದು ಮಾರಾಯ್ರೆ?”
ವಾರಕ್ಕೊಮ್ಮೆ ಪೂರ್ತಿ ಬಸಿದು, ಗುಡಿಸಿ, ಮತ್ತೆ ತುಂಬಿಸಿ.
ಧೂಳಿನ ಕಂಬದ ಮೇಲೆ ಬೆರಳಲ್ಲಿ ಲೆಕ್ಕ ಬರೆದ:
ಟ್ಯಾಂಕರ್ ಎಷ್ಟು, ಆಳು ಎಷ್ಟು.
ಅಂಗೈಯಲ್ಲಿ ಒರೆಸಿದ.
ಬಿರುಕು ಬೀಳುತ್ತದೆ ಎನ್ನುವುದಕ್ಕೆ ಇಬ್ಬರೂ ಒಪ್ಪಿದ್ದೆವು,
ಎಲ್ಲಿ ಎನ್ನುವುದಷ್ಟೇ ತಕರಾರು.

ಕೆಳಗೆ ತಗಡಿನ ಶೆಡ್ಡಿನಲ್ಲಿ, ಬೇಶದ ಆ ಸೆಕೆಯಲ್ಲಿ,
ಸಿಮೆಂಟು ಚೀಲ ಹೊದ್ದು ಹಲ್ಲು ಕಟಕಟಿಸುತ್ತಿದ್ದ
ಬುಧನ್ ಮುರ್ಮು, ದುಮ್ಕಾ ಕಡೆಯವ.
ನನ್ನ ಹಿಂದಿ ಹರಕು, ಅವನದೂ ಅಷ್ಟಕ್ಕಷ್ಟೆ.
ಬೆರಳು ಮಡಚಿ ಹೇಳಿದ:
ಇವತ್ತು ಉಂಟು. ನಿನ್ನೆ ಇಲ್ಲ. ಮೊನ್ನೆ ಉಂಟು.
ಜ್ವರಕ್ಕೆ ರಜೆ ಇರುವ ದಿನ
ಇವನಿಗೆ ಕೆಲಸ.

ಮೇಸ್ತ್ರಿಯ ಹಾಜರಿ ಪುಸ್ತಕ ಕೇಳಿದೆ.
ಮುರ್ಮು: ಹಾಜರು, ಗೈರು, ಹಾಜರು, ಗೈರು.
ಲೋಹಾರ್: ಗೈರು, ಹಾಜರು, ಗೈರು, ಹಾಜರು.
ಕೊಪ್ಪಳದ ದ್ಯಾಮವ್ವ, ಅವಳ ಮೈದುನ,
ನೀಲಿ ಶಾಯಿ, ಕೆಂಪು ಶಾಯಿ,
ತಿಂಗಳಿಡೀ ಸೀರೆಯ ಅಂಚಿನ ಹಾಗೆ ನೇಯ್ದಿತ್ತು.
ಸೋಮಾರಿಗಳು, ಅಂದ ಮೇಸ್ತ್ರಿ. ಸಂಬಳ ಕಡಿದಿದ್ದ.
ಅವನಿಗೆ ಗೊತ್ತಿಲ್ಲದೆ
ಇಡೀ ಊರಿನ ಅತ್ಯುತ್ತಮ ವರದಿ ಅವನೇ ಬರೆದಿದ್ದ.

ಬೆರಳಿಗೆ ಸೂಜಿ ಚುಚ್ಚಿ ಒಂಬತ್ತು ಗಾಜಿನ ಪಟ್ಟಿಗೆ ರಕ್ತ ತೆಗೆದೆ.
ಆರು ಪಾಸಿಟಿವ್.
ಮಾತ್ರೆ ಹದಿನಾಲ್ಕು ದಿನ.
ಸ್ಲಾಬಿಗೆ ಒಂದು ದಿನವೂ ತಪ್ಪದ ಆ ಹದಿನಾಲ್ಕು
ಮನುಷ್ಯನಿಗೆ ಪೂರ್ತಿ ಸಿಗುವುದು ಅಪರೂಪ.
ನಾಲ್ಕನೆಯ ದಿನಕ್ಕೆ ಲೋಹಾರ್ ಬೇರೆ ಸೈಟಿಗೆ ಹೋಗಿದ್ದ,
ಸುರತ್ಕಲ್ಲೋ, ಉಡುಪಿಯೋ,
ಶೆಡ್ಡಿನಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ಮೇಜಿನ ಮೇಲೆ ಅದೇ ಬಿಲ್ಡರಿನ ಹೊಸ ಅರ್ಜಿ.
ಪಕ್ಕದ ಜಾಗ, ಇಪ್ಪತ್ತೆಂಟು ಮಾಳಿಗೆ.
“ಇದೆ, ಇಲ್ಲ, ಒಂದೇ ಶಬ್ದ ಸಾಕು, ಸೆವ್ರಿನ್ ಬಾಯಿ,
ಜಾಗ ಇಲ್ಲ,” ಅಂದರು ಸಾಹೇಬರು.
ಒಂದೇ ಶಬ್ದ ಬರೆದೆ:
‘ಉಂಟು.’
ಹಿಂದಿನಿಂದ ಏಳು ಹಾಳೆ ಹಾಜರಿಯ ಜೆರಾಕ್ಸ್ ಪಿನ್ ಮಾಡಿದೆ.

ಕಡತ ವಾಪಸು ಬಂತು.
ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರ: ಲಗತ್ತು ಅಪ್ರಸ್ತುತ.
ಪೆನ್ಸಿಲು ತಾನೆ, ಉಜ್ಜಿದೆ.
ಮತ್ತೆ ಕಳಿಸಿದೆ.

ಸಂಜೆ ಸುಹಾನ್ ಫೋನು ಮಾಡಿದ:
ಒಂಬತ್ತನೆಯದು ಬಸಿದು ಒಣಗಿಸಿದ್ದೇವೆ ಬಾಯಿ.
ಸ್ವಲ್ಪ ಸುಮ್ಮನಿದ್ದು,
ಹತ್ತನೆಯದಕ್ಕೆ ನಿನ್ನೆ ನೀರು ಕಟ್ಟಿದರು, ಅಂದ.