ಅನಾಮತ್ತು

ಬೈಕಂಪಾಡಿಯ ಮೀನೆಣ್ಣೆ ಕಂಪೆನಿಗೆ ಇದು ನನ್ನ ನಾಲ್ಕನೇ ಸಲ.
ಗೇಟಿನವನಿಗೆ ನನ್ನ ಹೆಸರು ಬಾಯಿಪಾಠ ಆಗಿದೆ.
"ಲೋಲಾಕ್ಷಿ ಅಲ್ವಾ? ಎಕೌಂಟ್ಸಾ?"
ತಾನೇ ಬರೆದುಕೊಂಡು ರುಜು ಮಾತ್ರ ಕೇಳುತ್ತಾನೆ.

ಮೊದಲ ದಿನ ಬರೆಯುವ ಪರೀಕ್ಷೆ.
ಎರಡನೆಯ ದಿನ ಟ್ಯಾಲಿ. ಎಸಿಯ ಕೆಳಗೆ ಹದಿನೇಳು ಮಂದಿ,
ಪಕ್ಕದ ಹುಡುಗ ಜಿಎಸ್‌ಟಿಯ ದರಗಳನ್ನು
ಜಪದ ಹಾಗೆ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದ.
ಊಟಕ್ಕೆ ಹೋದವನು ಮರಳಲಿಲ್ಲ.
ಅವನ ನೀರಿನ ಬಾಟಲಿ
ಸಂಜೆಯ ತನಕ ಮೇಜಿನ ಮೇಲೆ ಬೆವರುತ್ತಿತ್ತು.

ಮೂರನೆಯ ದಿನ ಒಂದು ತಾಳೆಪಟ್ಟಿ ಕೈಗಿತ್ತು
ಬಾಗಿಲು ಎಳೆದುಕೊಂಡು ಹೋದರು.
ತಾಳೆಯಾಗದ ತಾಳೆಪಟ್ಟಿ.
ಜಮೆಯ ಕಡೆ ಅರುವತ್ತಮೂರು ರೂಪಾಯಿ ಹೆಚ್ಚು.

ಅರುವತ್ತಮೂರು.
ಒಂಬತ್ತರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ,
ಅಂದರೆ ಎಲ್ಲೋ ಎರಡು ಅಂಕಿಗಳು
ಒಂದರ ಜಾಗದಲ್ಲಿ ಇನ್ನೊಂದು ಕೂತಿರಬೇಕು.
ಕಾಲೇಜಿನಲ್ಲಿ ಕಲಿತದ್ದಲ್ಲ ಇದು.

ಬೀಡಿ ಬ್ರಾಂಚಿನ ಕೌಂಟರು ಆಗ ನನ್ನ ಗದ್ದದ ಎತ್ತರ.
ರೈಟರನ ಪುಸ್ತಕ ಅವನ ಕಡೆಗೆ ನೇರ,
ನಮ್ಮ ಕಡೆಗೆ ತಲೆಕೆಳಗು.
ನಾನು ಮೊದಲು ಓದಲು ಕಲಿತದ್ದು
ತಲೆಕೆಳಗಾದ ಅಂಕಿಗಳನ್ನೇ.
ಒಂದು ಶನಿವಾರ, ಚಾಟು ಬೀಡಿ ಕಳೆದು
981 ಉಳಿದದ್ದನ್ನು ಅವನು 918 ಎಂದು ಬರೆದ.
ನಾನು ಬಾಯಿ ತೆರೆದೆ.
ಅಮ್ಮ ನನ್ನ ಕೈ ಹಿಂಡಿದಳು: "ಮನಿಪಂದೆ ಉಂತು."
ದಾರಿಯಲ್ಲಿ ಅಂದಳು,
ಸೋಮವಾರ ಎಲೆ ತೂಗಿ ಕೊಡುವವನೂ ಅವನೇ ಅಲ್ವಾ ಮಗಾ.

ಐಸಿನ ಬಿಲ್ಲು 4,381. ಖಾತೆಯಲ್ಲಿ 4,318.
ಹನ್ನೊಂದು ನಿಮಿಷ ಹಿಡಿಯಿತು.
ಪೆನ್ನಿನ ಮುಚ್ಚಳ ಹಾಕಿ
ಬಾಗಿಲು ತೆರೆಯಲೆಂದು ಕಾಯುತ್ತಾ ಕೂತೆ.

ಇವತ್ತು ಮೂವರು.
ನಡುವೆ ಮೊಂತೇರೊ ಸಾರ್, ಕನ್ನಡಕದ ದಾರ ಕುತ್ತಿಗೆಗೆ.
"ಆರು ವರ್ಷ ಖಾಲಿ ಉಂಟಲ್ಲ. ಎಂತ ಮಾಡಿದ್ರಿ?"
ಅಮ್ಮನ ಶ್ವಾಸಕೋಶ, ಅಂದೆ. ಮನೆಯಲ್ಲಿ ಆಕ್ಸಿಜನ್.
ಸಿಲಿಂಡರು ಬಂದದ್ದು, ಹೋದದ್ದು, ಡಿಪಾಸಿಟ್ಟು
ಎಲ್ಲ ಬರೆದ ಪುಸ್ತಕ ಉಂಟು, ಬೇಕಾದರೆ ತರುತ್ತೇನೆ.
"ಅದಕ್ಕೆ ಅನುಭವದ ಸರ್ಟಿಫಿಕೇಟು ಸಿಗುವುದಿಲ್ಲವಲ್ಲ" ಅಂದರು.
ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.
ಆ ಪುಸ್ತಕದ ಕೊನೆಯ ಶಿಲ್ಕು
ಕಳೆದ ಆಟಿಯಲ್ಲಿ ಸೊನ್ನೆಯಾಯಿತು ಎಂದು ನಾನು ಹೇಳಲಿಲ್ಲ.

ಆಮೇಲೆ, ನೀರು ಕುಡಿಯಿರಿ ಅನ್ನುವಷ್ಟೇ ಮೆಲ್ಲಗೆ:
"ಎಂಡಿಯವರು ಬಿಲ್ಲಿಲ್ಲದ ಎರಡು ಲಕ್ಷವನ್ನು
ದುರಸ್ತಿ ಖರ್ಚಿಗೆ ಹಾಕಿ ಅಂದರೆ?"

ಮೇಜಿನ ಕೆಳಗೆ ಯಾರೋ ನನ್ನ ಕೈ ಹಿಂಡಿದರು.

"ಅನಾಮತ್ತಿಗೆ ಹಾಕುತ್ತೇನೆ ಸಾರ್. ಬಿಲ್ಲು ಬರುವ ತನಕ."
"ಬಾರದಿದ್ದರೆ?"
"ಮಾರ್ಚ್ ಬರುತ್ತದಲ್ಲ."

ತುದಿಯಲ್ಲಿ ಕೂತ ಎಚ್ಚಾರ್ ಹುಡುಗಿ
ನಗು ಬಂದದ್ದನ್ನು ಕೆಮ್ಮು ಮಾಡಿದಳು.
ಮೊಂತೇರೊ ನಗಲಿಲ್ಲ. ಕನ್ನಡಕ ಏರಿಸಿ
ನನ್ನ ಹೆಸರಿನ ಮುಂದೆ ಒಂದು ಅಂಕಿ ಬರೆದರು, ಒಂದೇ ಒಂದು.
ತಲೆಕೆಳಗಿನ ಯಾವ ಪುಸ್ತಕವನ್ನೂ ಓದುವವಳು ನಾನು.
6 ಎಂದು ಕಂಡಿತು, ಹಾಗಾದರೆ 9 ಇರಬೇಕು.
ಆದರೆ ಅಷ್ಟರಲ್ಲಿ ಅವರು ಕಾಗದವನ್ನು
ಸ್ವಲ್ಪ ಓರೆ ಮಾಡಿದ್ದರೋ ಏನೋ.

"ಫೋನ್ ಮಾಡ್ತೇವೆ."

ಬಸ್ಸಿನಲ್ಲಿ ಟಿಕೇಟಿನ ಹಿಂದೆ ಒಂದು 6 ಬರೆದೆ.
ಕೂಳೂರು ಸಂಕ ಬರುವ ತನಕ
ಅದನ್ನು ಹೀಗೂ ಹಾಗೂ ತಿರುಗಿಸುತ್ತಾ ಇದ್ದೆ.
ಕೆಳಗೆ ಹೊಳೆ, ಅದರ ಪಾಡಿಗೆ.
ಕಂಡಕ್ಟರು ಎರಡು ರೂಪಾಯಿ ಬಾಕಿ ಇಟ್ಟು
ಮುಂದಿನ ಬಾಗಿಲಿಗೆ ಹೋಗಿ ನೇತಾಡುತ್ತಿದ್ದ,
ಮರೆತ ಹಾಗೆ ಮಾಡುವುದು ಅವರಿಗೆ ಅಭ್ಯಾಸ.

ಲೇಡಿಹಿಲ್ ದಾಟುವಾಗ ಎದ್ದೆ.
ಕಂಬಿ ಹಿಡಿದು, ನಾಲ್ಕು ಜನರನ್ನು ದಾಟಿ
ಕೈ ಚಾಚಿದೆ:
"ಎರಡು ರೂಪಾಯಿ ಉಂಟು."