ಎಷ್ಟನೇ ಮಾಳಿಗಿ

ಟೆಂಪೋದಾಗಿಂದ ಮೊದಲ ಇಳದದ್ದು ಪಲ್ಲಂಗಲ್ಲ, ಫ್ರಿಜ್ಜಲ್ಲ,
ಓಂಕಾರನ ಪ್ರಶ್ನೆ:
"ಅಪ್ಪಾ, ನಮ್ಮದು ಎಷ್ಟನೇ ಮಾಳಿಗಿ?"

ಇರೂದ ಒಂದು. ಮಣ್ಣಿಂದು.
ನಿಚ್ಚಣಿಕಿ ಹಚ್ಚಿ ಏರಿದರ
ಮಗ್ಗಲ ಮನಿಯವರ ಮೆಣಸಿನಕಾಯಿ ಒಣಗತಾವ,
ಅದರಾಚಿ ಬರೇ ಮುಗಲು.

ಹತ್ತೊಂಬತ್ತು ವರ್ಷ ಪುಣೇದಾಗ ಲಿಫ್ಟ್ ರಿಪೇರಿ ಮಾಡಿದಾಂವ ನಾ.
ನಿಂತ ಬಾಂವಿಯಂಥಾ ಕತ್ತಲದಾಗ
ಉಕ್ಕಿನ ಹಗ್ಗಕ್ಕ ಎಣ್ಣಿ ಹಚ್ಚಿ
ಮಂದೀನ ಅವರವರ ಬಾಗಲಕ ಮುಟ್ಟಿಸಿನಿ.
ಯಾರೂ ನನ್ನ ಮುಖ ನೋಡಲಿಲ್ಲ,
ನಾನೂ ಯಾರದೂ ನೋಡಲಿಲ್ಲ ಅನ್ನು.
ಲಿಫ್ಟಿನ್ಯಾಗ ಎಲ್ಲಾರೂ ನಂಬರ ನೋಡತಾರ,
ಕುತ್ತಿಗಿ ಎತ್ತಿ, ಗುಡಿಯಾಗ ನಿಂತಂಗ.

ಕಸ್ತೂರಿಗೆ ಇಲ್ಲಿ ಅಂಚಿ ನೌಕರಿ ಆತು.
ಪಗಾರ ಕೇಳಿ ಸೊಸೈಟಿ ವಾಚ್‌ಮನ್ ನಕ್ಕ.
ಆಕಿ ಕಾಗದ ಮಡಿಚಿ ಪರ್ಸಿನ್ಯಾಗ ಇಟ್ಟು
"ನಾ ಹೊಂಟೆ, ಹುಡುಗೂರೂ ಬರತಾವ. ನೀವ ನೋಡ್ರಿ" ಅಂದ್ಲು.
ನೋಡೂದೇನಿತ್ತು?
ಪಾನಾ ಪೆಟ್ಟಿಗಿ ಹೊತಗೊಂಡು ಹಿಂದ ಬಂದೆ.

ಕಟ್ಟಿ ಮ್ಯಾಲೆ, ಗಿರಣ್ಯಾಗ, ಚಾದಂಗಡ್ಯಾಗ ಕೇಳತಾರ:
"ಯಾಕ ಬಂದ್ರಿ?"
ಎರಡನೇ ಸಲ ದನಿ ಇಳಿಸಿ: "ಏನರ ಆಗಿತ್ತೇನ್ರಿ?"
ಜಡ್ಡೋ, ಸಾಲೋ, ಪೊಲೀಸ್ ಕೇಸೋ,
ಒಂದರ ಇರಬೇಕಲ್ಲ!
ಏನಿಲ್ಲರಿ ಅಂದರ ಸಿಟ್ಟ ಮಾಡ್ಕೋತಾರ.
ಕಡೀಕ ಒಬ್ಬ ಅಜ್ಜಗ "ಹೊಟ್ಟಿ ನೋವ್ರಿ" ಅಂತ ಸುಳ್ಳ ಹೇಳಿನಿ.
ಮರುದಿನ ಮುಂಜಾನೆ ಅಜಿವಾನದ ಪುಡಿ ಬಂತು,
ಮೂರು ಮನಿಯಿಂದ.

ಈಗ ಬೋರಿನ ಮೋಟಾರ ಎತ್ತತೀನಿ ನಾ.
ನಾಕನೂರು ಫೂಟು.
ಅದ ಕತ್ತಲಿ, ಅದ ಹಗ್ಗ. ಇಲ್ಲಿ ತೂತು ತೆಳಗ ಹೋಗತೈತಿ, ಅಷ್ಟ ಫರಕು.
ನೀರ ಬಂದ ದಿನ ಮಂದಿ ಮುಖ ನೋಡತಾರ.
ಬರದ ದಿನಾನೂ.

ರಾತ್ರಿ ನರೇಗಲ್ಲಿನ ಕಡೆ ಗಾಳಿ ಫ್ಯಾನುಗಳು,
ತುದಿಗೆ ಕೆಂಪು ದೀಪ ಹಚಗೊಂಡು ಸಾಲಾಗಿ.
"ಅವು ಎಷ್ಟ ಮಾಳಿಗಿ?"
ಇಪ್ಪತ್ತೈದರ ಮ್ಯಾಲೆ ಇದ್ದಾವು.
"ಒಳಗ ಯಾರ ಇರತಾರ?"
ಯಾರೂ ಇಲ್ಲಪಾ.
"ಹಂಗಾದರ ಅಷ್ಟೆತ್ತರ ಯಾರಿಗೆ?"
ಗಾಳಿಗೆ, ಅಂದೆ.
ಅಂವ ಮಲಗಿದ. ನನಗ ನಿದ್ದಿ ಹತ್ತಲಿಲ್ಲ,
ಗ್ವಾಡಿ ಹಿಂದ ಲಿಫ್ಟಿನ ಗುಂಯ್ ಇಲ್ಲದ.

ಪ್ರಾಜಕ್ತಾ ಮಾತ್ರ ಮಾತ ಬಿಟ್ಟಿದ್ಲು,
ಇಪ್ಪತ್ತಮೂರು ದಿನ, ನನ್ನ ಕೂಡ.
ಊರ ಬಾಯಾಗ ಆಕಿ 'ಪರಾಜಕ್ಕ' ಆದದ್ದಕ್ಕೂ ಸಿಟ್ಟು.
ಕೊರಳಾಗ ದಾರ, ದಾರದಾಗ ಪುಣೇದ ಮನಿಯ ಕೀಲಿಕೈ.
ಮಾಲಕಗ ಕೊಟ್ಟದ್ದು ಒಂದು,
ಇದು ಆಕೀದು. ಎರಡನೇತ್ತೆಯಿಂದ ಆಕಿ ಕೊರಳಾಗ ಇದ್ದದ್ದು,
ಸಾಲಿಯಿಂದ ಬಂದು ತಾನ ಬಾಗಲ ತಗದು
ತಾನ ಉಂಡು, ತಾನ ಒಳಗಿಂದ ಚಿಲಕ ಹಾಕಿ
ನಮ್ಮ ಹಾದಿ ಕಾಯೂ ಕೀಲಿಕೈ.
ಈ ಮನಿ ಬಾಗಲಕ ಬರೇ ಸರಪಳಿ. ಅದೂ ಹಗಲೆಲ್ಲಾ ಜೋತಬಿದ್ದಿರತೈತಿ.

ಸಂಕ್ರಾಂತಿ ಮುಂದ ಒಂದು ನಸುಕಿನ್ಯಾಗ
ನಿಂಬೆವ್ವ ಬಂದು ಆಕೀನ ಎಬ್ಬಿಸಿದ್ಲು.
ಕಡ್ಲಿ ಹೊಲದಾಗ ರಾತ್ರಿ ಹಾಸಿದ ಬಿಳೇ ಅರಿವಿ
ಇಬ್ಬನಿ ಕುಡದು ಭಾರ ಆಗಿತ್ತು.
ಇಬ್ಬರೂ ಎರಡ ತುದಿ ಹಿಡದು ಹಿಂಡಿದ್ರು,
ತಂಬಿಗಿಯೊಳಗ ಚೂರ ಚೂರ ಹುಳಿ.
"ನೆಕ್ಕಿ ನೋಡು."
ಅಂಗೈ ಮ್ಯಾಲಿನ ಹನಿ ನೆಕ್ಕಿ, ಕಣ್ಣ ಮುಚ್ಚಿ, ಮಾರಿ ಕಿವಿಚಿ
"ಆಂಬಟ್!" ಅಂತ ಚೀರಿದ್ಲು ಹುಡುಗಿ.
ನಿಂಬೆವ್ವಗ ಮರಾಠಿ ಬರೂದಿಲ್ಲ.
"ಹೂಂ, ಹುಳಿ" ಅಂದ್ಲು.
"ಆ ಹಿತ್ತಾಳಿದು ತಾ ಇಲ್ಲಿ, ಇದರಾಗ ತಿಕ್ಕಿದರ ಹೊಳೀತೈತಿ."

ತಿಕ್ಕಿದ್ರು. ಹೊಳೀತು.
ಬಂಗಾರದಂಗೇನಲ್ಲ, ಹೊಸ ಕೀಲಿಕೈಯಂಗ.
ಒರಸಿ ಮತ್ತ ಕೊರಳಾಗ ಹಾಕ್ಕೊಂಡ್ಲು.

ಬದುವಿನ ಮ್ಯಾಲೆ ನಾ ಹಿಂದ, ಒದ್ದಿ ಅರಿವಿ ಹೆಗಲಿಗೆ.
ತಿರುಗಿ ನೋಡಲಾರದ ಕೇಳಿದ್ಲು:
"ಅಪ್ಪಾ, ಅವ್ವನ ಆಫೀಸ್ ಎಷ್ಟಕ್ಕ ತಗೀತಾರ?"