ಪುರಿ, ಗುಂಡಿ, ಕ್ವಾ

ತಿಂಗಳಿಗೆ ಆರು ಲಾರಿಗೆ ಒಂದು ಡೇಟಾಬೇಸ್,
ಹದಿನಾಲ್ಕಕ್ಕೆ ಐದು,
ಮೂವತ್ತಕ್ಕೆ ಮಿತಿಯೇ ಇಲ್ಲ.
ಮಿತಿಯೇ ಇಲ್ಲ ಅನ್ನುವುದರ ನೆತ್ತಿಗೊಂದು ಚುಕ್ಕಿ,
ಪುಟದ ತಳದಲ್ಲಿ ಇರುವೆಯಕ್ಷರದಲ್ಲಿ
ಅದರ ಮಿತಿ.

(ಲಾರಿಯೆಂದರೆ ಅಲ್ಲಿಯ ದುಡ್ಡು. ಚಕ್ರವಿಲ್ಲ,
ಆದರೂ ತಿಂಗಳ ಕೊನೆಗೆ ನಿಲ್ಲುವುದಿಲ್ಲ.)

ಕುತೈಸಿಯ ತಾಮ್ತಾ ಆರಿನದನ್ನೇ ಒತ್ತಿದಳು.
ರಿಯೋನಿ ಹೊಳೆಗೆ ಮುಖಮಾಡಿದ ಕಿಟಕಿ, ಕೆಟ್ಟ ಹೀಟರು,
ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಲೆಕ್ಕ.
ಗಿರಾಕಿಗಳು ಮೂವರು:
ರೊಟ್ಟಿಯಂಗಡಿಯ ಗೊದೆರ್ಜಿ,
ಹಾಡುವ ಹನ್ನೊಂದು ಗಂಡಸರ ಮೇಳ,
ಗೋರಿಗಲ್ಲು ಕೆತ್ತುವ ಜುಂಬೆರ್.

ಅವರ ಮಾತಿನಲ್ಲಿ ರೊಟ್ಟಿಗೆ ಪುರಿ,
ಮೇಳಕ್ಕೆ ಗುಂಡಿ,
ಕಲ್ಲಿಗೆ ಕ್ವಾ.
ಪ್ರತಿ ಕೋಷ್ಟಕದ ಹೆಸರಿನ ಮುಂದೆ
ಇನಿಷಿಯಲ್ಲಿನ ಹಾಗೆ ಇವನ್ನು ಅಂಟಿಸಿ
ಮೂರು ಸಂಸಾರವನ್ನು ಒಂದೇ ಕೋಣೆಗೆ ಹಾಕಿದಳು.
ನಡುವೆ ಗೋಡೆಯಿಲ್ಲ, ಹಗ್ಗಕ್ಕೆ ನೇತುಬಿಟ್ಟ ಸೀರೆ ಮಾತ್ರ.
(ಸೀರೆ ನನ್ನದು. ಅವಳು ಪರದೆ ಎಂದಿದ್ದಳು.)

ಎರಡು ವರ್ಷ ಏನೂ ಆಗಲಿಲ್ಲ.
ಸತ್ತವರ ಪಕ್ಕದಲ್ಲೇ ರೊಟ್ಟಿ ಉಬ್ಬಿತು,
ಪಕ್ಕದಲ್ಲೇ ಶನಿವಾರದ ಅಭ್ಯಾಸದ ಹಾಜರಿ.

ಆಮೇಲೆ ಒಂದು ಶನಿವಾರ,
ಪ್ರಯೋಗಕ್ಕೆಂದು ಮಾಡಿಟ್ಟಿದ್ದ ಕ್ವಾ-ಎರಡನ್ನು ಅಳಿಸಲು ಹೋಗಿ
ಎರಡು ಟೈಪಿಸುವುದು ಬಿಟ್ಟುಹೋಯಿತು.
ಕ್ವಾ ಎಂದು ಶುರುವಾಗುವುದೆಲ್ಲ ಹೋಯಿತು.
ಖಚಿತವೇ? ಎಂದು ಕೇಳಿತ್ತು.
ಹೌದು ಅಂದಿದ್ದಳು. ಯಾವಾಗಲೂ ಹಾಗೇ ಕೇಳುತ್ತದಲ್ಲ.

ಆರು ಲಾರಿಗೆ ಬ್ಯಾಕಪ್ಪು ವಾರಕ್ಕೊಮ್ಮೆ, ಭಾನುವಾರ.
ಆರು ದಿನದ ಸಾವು ಎಲ್ಲೂ ಇಲ್ಲ.
ಮೂರು ಆರ್ಡರು. ಇಬ್ಬರದು ಜುಂಬೆರನ ಫೋನಿನಲ್ಲಿ ಸಿಕ್ಕಿತು.
ಮೂರನೆಯವಳಿಗೆ ಫೋನಿಲ್ಲ,
ಅಂಚೆಕಚೇರಿಯ ಹುಡುಗ ತುಂಬಿಸಿಕೊಟ್ಟಿದ್ದನಂತೆ.
ಮಾಕ್ವಾಲಾ, ತ್ಸ್ಕಾಲ್ತುಬೊ ದಾಟಿದ ಮೇಲೆ
ಎರಡನೆಯ ತಿರುವು, ನೀಲಿ ಗೇಟು.

ಮಾರ್ಶ್ರುತ್ಕಾ ವ್ಯಾನಿನಲ್ಲಿ ಮೊಣಕಾಲಿಗೆ ಯಾರದೋ ಕೋಳಿಬುಟ್ಟಿ,
ಚೀಲದಲ್ಲಿ ಗೆರೆಯ ನೋಟುಬುಕ್ಕು.
ದಾರಿಯುದ್ದಕ್ಕೂ ಸುಳ್ಳೊಂದನ್ನು ನೇಯ್ದಳು:
ಸರ್ವರು ಕೆಟ್ಟಿತ್ತು, ಜರ್ಮನಿಯಲ್ಲಿ, ನಮ್ಮ ಕೈಯಲ್ಲಿಲ್ಲ.
ಗೇಟು ತೆಗೆದ ಮುದುಕಿಗೆ ಹೇಳಿದ್ದು ಬೇರೆ:
ನಾನು ಅಳಿಸಿಬಿಟ್ಟೆ. ಇನ್ನೊಮ್ಮೆ ಹೇಳ್ತೀರಾ?

ಹೇಳಿದಳು.
ಅಂಬ್ರೋಸಿ. ಹುಟ್ಟಿದ್ದು ನಲವತ್ತೊಂದು. ಹೋದದ್ದು ಈ ಫೆಬ್ರವರಿ.
ಕೆಳಗೆ ಏನು ಕೆತ್ತಿಸಬೇಕು? 'ಪ್ರೀತಿಯ ಪತಿ' ಇತ್ತೇನೋ?
ಮುದುಕಿ ಬೀನ್ಸು ಬಿಡಿಸುವುದು ನಿಲ್ಲಿಸಲಿಲ್ಲ.
'ಇತ್ತು. ಮೂರು ಕೊಟ್ಟಿದ್ದಿರಿ, ಒಂದು ಆರಿಸು ಅಂದ ಹುಡುಗ.
ಪ್ರೀತಿಯ ತಂದೆ ಆಗಲು ಮಕ್ಕಳಿಲ್ಲ.
ವೀರಯೋಧ ಆಗಲು ಯುದ್ಧಕ್ಕೆ ಹೋದವನಲ್ಲ.
ಉಳಿದದ್ದನ್ನು ಒತ್ತಿದೆವು.'

ಆ ಮೂರನ್ನು ಬರೆದವಳು ತಾಮ್ತಾ,
ಒಂದು ಸಂಜೆ, ಹತ್ತು ನಿಮಿಷದಲ್ಲಿ,
ಇಪ್ಪತ್ತು ಅಕ್ಷರ ಸಾಕು ಎಂದು ಅಳತೆಯನ್ನೂ ಇಟ್ಟು.

'ಈಗ ಕೇಳಿದೆಯಲ್ಲ, ಬರಕೋ.
ಬಾವಿ ತೋಡುತ್ತಿದ್ದ.
ನೀರು ಸಿಗದ ದಿನ ಮಾತಾಡುತ್ತಿರಲಿಲ್ಲ.'

ತಾಮ್ತಾ ಬರೆದುಕೊಂಡಳು.
ಅವರ ಲಿಪಿಯೂ ನಮ್ಮದರಂತೆ ದುಂಡು,
ಬಗ್ಗಿ ಬರೆವಾಗ ಒಂದೊಂದು ಅಕ್ಷರವೂ
ಮೇಲಿಂದ ನೋಡಿದ ಬಾವಿಕಟ್ಟೆ.

ರಾತ್ರಿ ಹದಿನಾಲ್ಕು ಲಾರಿ ಕಟ್ಟಿದಳು.
ಪುರಿಗೊಂದು, ಗುಂಡಿಗೊಂದು, ಕ್ವಾಗೊಂದು,
ಪ್ರಯೋಗಕ್ಕೊಂದು, ಕೈತಪ್ಪಿದರೂ ಯಾರೂ ಸಾಯದ ಜಾಗ.
ಐದನೆಯದು ಖಾಲಿಯಿದೆ, ಹೆಸರಿಟ್ಟಿಲ್ಲ.
ಇಪ್ಪತ್ತನ್ನು ಇನ್ನೂರು ಮಾಡಿದಳು,
ಮೂರು ಆಯ್ಕೆಗಳನ್ನು ತೆಗೆದು ಬರಿಯ ಚೌಕವಿಟ್ಟಳು.

ಒಬ್ಬಳಿಗೆ ಎಷ್ಟು ಬೇಕು ಎಂದು
ಹೊಸಬರು ಕೇಳಿದರೆ ಈಗಲೂ ಸಂಖ್ಯೆ ಹೇಳುವುದಿಲ್ಲ.
ಎರಡನೆಯ ಸಲ ಹೋಗಿ ಕೇಳಲಾಗದಂಥವರು
ನಿನ್ನ ಹತ್ತಿರ ಎಷ್ಟು ಮಂದಿ, ಎಣಿಸು ಅನ್ನುತ್ತಾಳೆ.

ಜುಂಬೆರನ ದೂರು ಬೇರೆ:
ಎರಡು ಸಾಲು ಕೆತ್ತಲು ಕಲ್ಲು ಸಾಲುವುದಿಲ್ಲ,
ಅಕ್ಷರಕ್ಕೆ ಇಷ್ಟೆಂದು ದುಡ್ಡು,
ಯಾರು ಕೊಡುತ್ತಾರೆ?